ಪೆಟ್ಟಿಗೆಗೆ ಎಷ್ಟು ಹಾಕೋದು?

ಮೊದಲ ದಿನ ನಾನು ಹಾಕಿದ್ದು ಐದು ಯೂರೋ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ಉತ್ತರ ಸ್ಪೇನಿನ ಲೊಗ್ರೋನ್ಯೊ ಎಂಬ ಊರು. ಚರ್ಚಿಗೆ ಅಂಟಿಕೊಂಡಿರುವ ಯಾತ್ರಿಕರ ತಂಗುದಾಣ. ರಾತ್ರಿ ಊಟ ಹಾಕಿದ್ದರು, ಮಲಗಲು ಜಾಗ ಕೊಟ್ಟಿದ್ದರು. ಬೆಳಗ್ಗೆ ಕಾಫಿ, ಬ್ರೆಡ್ಡು, ಜಾಮು. ಹೊರಡುವಾಗ ನೋಡಿದರೆ ಒಂದು ಪೆಟ್ಟಿಗೆ. ಎಷ್ಟು ಹಾಕಬೇಕು ಅಂತ ಎಲ್ಲೂ ಬರೆದಿಲ್ಲ. ಕೇಳುವವರೂ ಇಲ್ಲ. ಆಗ ಒಂದು ಯೂರೋಗೆ ಹೆಚ್ಚುಕಡಿಮೆ 90 ರೂಪಾಯಿ. ತಲೆಯೊಳಗೆ ಲೆಕ್ಕ ಶುರುವಾಯಿತು. ಐದು ಅಂದರೆ 450. ಗುರುತಿಲ್ಲದ ಜನರ ಗೊರಕೆ ಕೇಳುತ್ತಾ ಮಲಗಿದ್ದಕ್ಕೆ 450 ಸಾಕಲ್ವಾ? ನೋಟು ಮಡಿಚಿ ತೂರಿಸಿದೆ. ನೋಟಾದ್ದರಿಂದ ಸದ್ದೂ ಆಗಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹೊರಟೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ನೆನಪಾಯಿತು, ಬೆಳಗ್ಗೆ ಬ್ರೆಡ್ಡನ್ನು ನಾನು ಎರಡು ಸಲ ಹಾಕಿಸಿಕೊಂಡಿದ್ದೆ.

ಹನುಮಂತನಗರದಲ್ಲಿ ಬೆಳೆದವನಿಗೆ ನಡೆದುಕೊಂಡು ದೇವರ ಹತ್ತಿರ ಹೋಗುವುದು ಹೊಸದೇನಲ್ಲ. ಶಿವರಾತ್ರಿಗೆ ಇನ್ನೂ ಹತ್ತು ಹನ್ನೆರಡು ದಿನ ಇರುವಾಗಲೇ ಬೆಂಗಳೂರಿನ ಗಲ್ಲಿಗಲ್ಲಿಯಿಂದ ಧರ್ಮಸ್ಥಳಕ್ಕೆ ತಂಡಗಳು ಹೊರಡುತ್ತವೆ. ನೆಲಮಂಗಲ, ಕುಣಿಗಲ್, ಯಡಿಯೂರು, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದರೆ ಉಜಿರೆ, ಆಮೇಲೆ ಧರ್ಮಸ್ಥಳ. ಸುಮಾರು 300 ಕಿಲೋಮೀಟರ್. ಅಮ್ಮ ಮೂರು ಸಲ ಹೋಗಿಬಂದಿದ್ದಾಳೆ. ಲಗೇಜು ಟೆಂಪೋದಲ್ಲಿ, ಕಾಲು ರಸ್ತೆಯಲ್ಲಿ. ರಾತ್ರಿಯಾದರೆ ಶಾಲೆಯ ಜಗಲಿ, ಕಲ್ಯಾಣ ಮಂಟಪ, ಇಲ್ಲಾ ಯಾರದೋ ತೋಟದ ಮನೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಿಡಿದು ನಿಂತ ಜನ. ನಾನು ಮಾತ್ರ ಒಂದು ಸಲವೂ ಹೋಗಲಿಲ್ಲ. ಪ್ರತಿ ವರ್ಷ ಏನಾದರೊಂದು ರಿಲೀಸ್ ಇರುತ್ತಿತ್ತು. ದೇವರದಲ್ಲ, ಸಾಫ್ಟ್‌ವೇರಿನದು.

ಹೀಗಿರುವವನು ಸ್ಪೇನಿಗೆ ಹೋಗಿ ನಡೆಯುತ್ತೇನೆ ಅಂದಾಗ ಅಮ್ಮ ನನ್ನ ಮುಖ ನೋಡಿದ ರೀತಿಯನ್ನು ನೀವೇ ಊಹಿಸಿಕೊಳ್ಳಿ.

ಆ ಯಾತ್ರೆಯ ಹೆಸರು ಕಮೀನೊ. ಸ್ಪೇನಿನ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ದೆ ಕೊಂಪೊಸ್ತೆಲಾ ಅನ್ನುವ ಊರಿದೆ. ಏಸುವಿನ ಶಿಷ್ಯ ಯಾಕೋಬನ ಸಮಾಧಿ ಅಲ್ಲಿನ ದೊಡ್ಡ ಚರ್ಚಿನಲ್ಲಿದೆ ಅಂತ ನಂಬಿಕೆ. ಸಾವಿರ ವರ್ಷಕ್ಕೂ ಮೊದಲಿನಿಂದ ಜನ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ದಾರಿಗಳು ಹಲವು. ಜಾಸ್ತಿ ಜನ ಹಿಡಿಯುವುದು ಫ್ರೆಂಚ್ ದಾರಿಯನ್ನು. ಫ್ರಾನ್ಸಿನ ಕಡೆಯಿಂದ ಪಿರನೀಸ್ ಬೆಟ್ಟ ಹತ್ತಿ ಇಳಿದು ಸುಮಾರು 780 ಕಿಲೋಮೀಟರ್. ಪೂರ್ತಿ ನಡೆಯಲು ಹೆಚ್ಚುಕಡಿಮೆ ಐದು ವಾರ ಬೇಕು. ನನಗೆ ಸಿಕ್ಕಿದ್ದು 2024ರ ಜೂನ್‌ನಲ್ಲಿ 17 ದಿನದ ರಜೆ. ಹಾಗಾಗಿ ನಡುವಿನ ತುಂಡೊಂದನ್ನು ಆರಿಸಿಕೊಂಡೆ. ಲೊಗ್ರೋನ್ಯೊದಿಂದ ಲಿಯೋನ್‌ವರೆಗೆ, ಸುಮಾರು 300 ಕಿಲೋಮೀಟರ್. ಹಬ್ಬದ ಊಟದಲ್ಲಿ ಕೋಸಂಬರಿಯೂ ಇಲ್ಲ, ಪಾಯಸವೂ ಇಲ್ಲ, ಬರೀ ಅನ್ನ ಸಾರು ಅನ್ನುವ ಹಾಗೆ. ಆದರೆ ಈ ತುಂಡಿನಲ್ಲಿ ದೊನಾತಿವೊ ಅಲ್ಬೆರ್ಗೆಗಳು ಜಾಸ್ತಿ. ನನಗೆ ಬೇಕಿದ್ದದ್ದು ಅದೇ.

ಅಲ್ಬೆರ್ಗೆ ಅಂದರೆ ಛತ್ರ. ಇದಕ್ಕೆ ಬೇರೆ ಪದ ಹುಡುಕುವುದೇ ಬೇಡ. ಒಂದು ದೊಡ್ಡ ಹಾಲ್, ಅದರ ತುಂಬ ಬಂಕ್ ಮಂಚ, ಹಂಚಿಕೊಳ್ಳುವ ಬಚ್ಚಲು. ಹೆಚ್ಚಿನವು ದುಡ್ಡು ಕೊಟ್ಟು ಉಳಿಯುವಂಥವು. ಅವಕ್ಕೆ ಗೊತ್ತಾದ ರೇಟು ಇರುತ್ತದೆ. ಕೆಲವಕ್ಕೆ ಮಾತ್ರ ರೇಟಿಲ್ಲ. ಪೆಟ್ಟಿಗೆಯಲ್ಲಿ ಕೈಲಾದಷ್ಟು ಹಾಕಿ ಹೋಗಬೇಕು. ಅದು ದೊನಾತಿವೊ. ಬಹುಪಾಲು ಚರ್ಚಿನವರು ನಡೆಸುವಂಥವು. ನಮ್ಮ ಮೆಜೆಸ್ಟಿಕ್‌ನಲ್ಲಿ ರೈಲ್ವೆ ಸ್ಟೇಷನ್ ಎದುರಿಗಿರುವ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಶುರುವಾದದ್ದು ಇಂಥದೇ ಯೋಚನೆಯಿಂದ. ಪರಸ್ಥಳದಿಂದ ಬಂದವರಿಗೆ ತಲೆ ಮೇಲೊಂದು ಸೂರು. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಪುಣ್ಯಾತ್ಮನೊಬ್ಬ ಕಟ್ಟಿಸುತ್ತಾನೆ, ಬಂದವರು ಉಳಿಯುತ್ತಾರೆ. ಅಲ್ಲಿ ನಿನ್ನೆ ಮಲಗಿದವರು ಹಾಕಿದ ದುಡ್ಡಿನಲ್ಲಿ ಇವತ್ತು ಬಂದವರಿಗೆ ಅಡುಗೆ ಆಗುತ್ತದೆ. ಇದನ್ನು ಓದಿ ತಿಳಿದುಕೊಂಡಿದ್ದೆ. ಐದು ಯೂರೋ ಹಾಕುವಾಗ ಮಾತ್ರ ಮರೆತಿದ್ದೆ.

ಹೊರಡುವ ಮೊದಲಿನ ಒಂದು ತಮಾಷೆ. ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಕಾಗದ ತೋರಿಸಬೇಕು. ದೊನಾತಿವೊ ಛತ್ರಗಳಲ್ಲಿ ಬುಕಿಂಗೇ ಇಲ್ಲ. ಮೊದಲು ಬಂದವರಿಗೆ ಮೊದಲು, ಅಷ್ಟೇ. ವೀಸಾ ಕೌಂಟರಿನಲ್ಲಿದ್ದ ಹುಡುಗಿಗೆ "ಅಲ್ಲಿ ಫೋನ್ ಮಾಡಿ ಜಾಗ ಹಿಡಿಯೋಕೆ ಆಗಲ್ಲ ಮೇಡಂ, ನಡ್ಕೊಂಡು ಹೋಗಿ ನಿಲ್ಲಬೇಕು" ಅಂದೆ. "ನಿಂತಿದ್ದಕ್ಕೆ ಪ್ರೂಫ್ ಏನು ಸರ್?" ಅಂದಳು. ಕೊನೆಗೆ ಅಷ್ಟೂ ರಾತ್ರಿಗೆ ದುಡ್ಡಿನ ಹಾಸ್ಟೆಲ್‌ಗಳನ್ನು ಬುಕ್ ಮಾಡಿದೆ. ದಿನಕ್ಕೆ ಎಷ್ಟು ಕಿಲೋಮೀಟರ್, ಯಾವ ಊರು ಅಂತ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ಅದರ ಜೊತೆ ಇಟ್ಟೆ. 30,000 ಯೂರೋ ಕವರೇಜಿನ ಇನ್ಶೂರೆನ್ಸ್ ಕಾಗದವನ್ನೂ ಲಗತ್ತಿಸಿದೆ. ವೀಸಾ ಬಂತು. ದಾರಿಗಿಳಿದ ಮೇಲೆ ಯೋಜನೆ ಬದಲಾಗುತ್ತಾ ಹೋಯಿತು, ಅವುಗಳಲ್ಲಿ ಅರ್ಧಕ್ಕರ್ಧ ಕ್ಯಾನ್ಸಲ್ ಮಾಡಿದೆ. ಎರಡಕ್ಕೆ ದುಡ್ಡು ವಾಪಸ್ ಬರಲಿಲ್ಲ.

ತಯಾರಿಗೆ ತುರಹಳ್ಳಿ ಕಾಡಿನಲ್ಲಿ ಏಳು ಕೆಜಿ ಬ್ಯಾಗ್ ಹೊತ್ತು ಓಡಾಡಿದೆ. ಲಾಲ್‌ಬಾಗ್‌ನಲ್ಲೂ ಹೊತ್ತೆ. ಅಲ್ಲಿ ಬೆಳಗ್ಗೆ ವಾಕಿಂಗ್ ಬರುವ ಅಂಕಲ್ ಒಬ್ಬರು ಮನೆ ಬಿಟ್ಟು ಬಂದಿದ್ದೀಯೇನಪ್ಪಾ ಅಂತ ಕೇಳಿದರು.

ಈ ಛತ್ರಗಳಿಗೆ ಕೆಲವು ಕಟ್ಟುಪಾಡುಗಳಿವೆ. ಹೋಗುವ ಮನಸ್ಸಿರುವವರಿಗೆ ಉಪಯೋಗಕ್ಕೆ ಬರಲಿ. ಯಾತ್ರಿಕರ ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಅದಕ್ಕೆ ಕ್ರೆದೆನ್ಸಿಯಾಲ್ ಅನ್ನುತ್ತಾರೆ. ಎರಡು ಮೂರು ಯೂರೋಗೆ ಸಿಗುವ ಮಡಿಚುವ ರಟ್ಟು, ಉಳಿದ ಕಡೆಯಲ್ಲೆಲ್ಲ ಅದಕ್ಕೊಂದು ಮುದ್ರೆ ಒತ್ತುತ್ತಾರೆ. ಒಂದು ಛತ್ರದಲ್ಲಿ ಒಂದೇ ರಾತ್ರಿ. ಹುಷಾರಿಲ್ಲದಿದ್ದರೆ ಬೇರೆ ಮಾತು. ಮಧ್ಯಾಹ್ನ ಬಾಗಿಲು ತೆಗೆಯುತ್ತಾರೆ, ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಬೆಳಗ್ಗೆ ಎಂಟರೊಳಗೆ ಜಾಗ ಖಾಲಿ ಮಾಡಬೇಕು. ಬ್ಯಾಗನ್ನು ವ್ಯಾನಿನಲ್ಲಿ ಕಳಿಸಿ ಕೈಬೀಸಿಕೊಂಡು ಬರುವವರನ್ನು ಕೆಲವು ಕಡೆ ಸೇರಿಸುವುದಿಲ್ಲ. (ಧರ್ಮಸ್ಥಳದ ಟೆಂಪೋ ತಂಡಗಳು ಅಲ್ಲಿ ಬಾಗಿಲಲ್ಲೇ ನಪಾಸು.) ಸ್ಲೀಪಿಂಗ್ ಬ್ಯಾಗ್ ನಿಮ್ಮದೇ ಇರಲಿ. ಕಿವಿಗೆ ಬೆಂಡು ಕಡ್ಡಾಯ ಅಂತ ನನ್ನ ಸ್ವಂತ ಕಾನೂನು. ತಿಗಣೆ ಇರುವ ಸಾಧ್ಯತೆ ಎಲ್ಲ ಕಡೆ ಇರುತ್ತದೆ, ಹಾಸಿಗೆಯ ಮೂಲೆ ಎತ್ತಿ ನೋಡದೆ ಮಲಗಬೇಡಿ.

ಇದನ್ನೆಲ್ಲ ನೋಡಿಕೊಳ್ಳುವವರನ್ನು ಓಸ್ಪಿತಲೇರೊ ಅನ್ನುತ್ತಾರೆ. ಸಂಬಳ ಇಲ್ಲ. ತಾವೇ ಒಂದು ಕಾಲದಲ್ಲಿ ನಡೆದವರು, ಆಮೇಲೆ ರಜೆ ಹಾಕಿ ಸಾಮಾನ್ಯವಾಗಿ 15 ದಿನದ ಪಾಳಿಗೆ ಬಂದು ಕಕ್ಕಸು ತೊಳೆಯುತ್ತಾರೆ, ಬೇಳೆ ಬೇಯಿಸುತ್ತಾರೆ, ಕಾಲಿನ ಬೊಬ್ಬೆಗೆ ಸೂಜಿ ಹಾಕುತ್ತಾರೆ.

ಮೂರನೇ ರಾತ್ರಿಯ ಹೊತ್ತಿಗೆ ನನ್ನ ಕಥೆ ತಿರುಗಿತು.

ಸಾಂತೊ ದೊಮಿಂಗೊ ಅನ್ನುವ ಊರಿಗೆ ಮಧ್ಯಾಹ್ನ ತಲುಪಿದೆ. ಅಲ್ಲಿನ ದೊಡ್ಡ ಚರ್ಚಿನೊಳಗೆ ಜೀವಂತ ಹುಂಜ, ಕೋಳಿ ಸಾಕಿದ್ದಾರೆ. ಗೋಡೆಯಲ್ಲೇ ಗೂಡು. ಅದಕ್ಕೊಂದು ಕಥೆ ಇದೆ. ತಪ್ಪು ಮಾಡದೆ ಗಲ್ಲಿಗೇರಿದ ಯಾತ್ರಿಕ ಹುಡುಗ ಬದುಕಿದ್ದಾನೆ ಅಂತ ಅವನ ಅಪ್ಪ ಅಮ್ಮ ಹೇಳಿದಾಗ ಅಧಿಕಾರಿ, "ಹೌದೌದು, ನನ್ನ ತಟ್ಟೆಯ ಹುರಿದ ಕೋಳಿಯೂ ಬದುಕಿದೆ" ಅಂದನಂತೆ. ಕೋಳಿ ಎದ್ದು ಕೂಗಿತಂತೆ. ಕಥೆ ಚೆನ್ನಾಗಿದೆ. ಆದರೆ ಹೊರಗೆ ಬಂದು ಎಟಿಎಂಗೆ ಕಾರ್ಡ್ ಹಾಕಿದರೆ ಅದು ಬದುಕಲಿಲ್ಲ. ಇನ್ನೊಂದು ಎಟಿಎಂ, ಅಲ್ಲೂ ಇಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆ ತಾನಾಗಿ ಬಂದ್ ಆಗಿತ್ತು. ಮತ್ತೆ ಚಾಲೂ ಮಾಡಲು ಓಟಿಪಿ ಬೇಕು. ಓಟಿಪಿ ಬರುವ ಸಿಮ್ಮು ಹನುಮಂತನಗರದಲ್ಲಿ ಅಮ್ಮನ ಹಳೇ ಫೋನಿನಲ್ಲಿ. ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಮ್ಮ ಎರಡು ಸಲ ಪ್ರಯತ್ನಪಟ್ಟಳು. ಕನ್ನಡಕ ಹುಡುಕಿ, ಮೆಸೇಜು ಹುಡುಕಿ, "ಏಳು, ನಾಲ್ಕು..." ಅನ್ನುವಷ್ಟರಲ್ಲಿ ಸಮಯ ಮುಗಿಯಿತು. ಮೂರನೇ ಸಲಕ್ಕೆ ಆ್ಯಪ್ಪೇ ನನ್ನನ್ನು ಹೊರಗೆ ಹಾಕಿತು, ನಾಳೆ ಬಾ ಅಂತ.

ಜೇಬಿನಲ್ಲಿ ಉಳಿದದ್ದು ನಾಲ್ಕು ಯೂರೋ ಮೂವತ್ತು ಸೆಂಟು. ಆ ಊರಿನಲ್ಲಿ ಉಳಿಯಲು ಅದು ಸಾಲದು. ಇನ್ನೂ ಏಳು ಕಿಲೋಮೀಟರ್ ನಡೆದರೆ ಗ್ರಾನ್ಯೋನ್. ಅಲ್ಲಿ ದೊನಾತಿವೊ ಇದೆ ಅಂತ ಗೊತ್ತಿತ್ತು. ನಡೆದೆ. ಎಡಕ್ಕೂ ಬಲಕ್ಕೂ ಗೋಧಿ, ನಡುವೆ ಅಲ್ಲಲ್ಲಿ ಕೆಂಪು ಗಸಗಸೆ ಹೂವಿನಂಥ ಹೂವು. ಚೆನ್ನಾಗಿತ್ತು ಅನ್ನಿಸುತ್ತದೆ. ನಾನು ಆಗ ಅದನ್ನು ನೋಡುತ್ತಿರಲಿಲ್ಲ. ನಾಲ್ಕು ಯೂರೋ ಮೂವತ್ತನ್ನು 90ರಿಂದ ಗುಣಿಸುತ್ತಿದ್ದೆ.

ಗ್ರಾನ್ಯೋನಿನ ಛತ್ರ ಇರುವುದು ಚರ್ಚಿನ ಗೋಪುರಕ್ಕೆ ಸೇರಿದ ಹಾಗೆ. ಕಿರಿದಾದ ಕಲ್ಲಿನ ಸುರುಳಿ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಬಂಕ್ ಇಲ್ಲ, ನೆಲದ ಮೇಲೆ ತೆಳು ಹಾಸು. ಪಕ್ಕದವನ ಮೊಣಕೈ ನಿಮ್ಮ ಪಕ್ಕೆಗೆ ತಾಗುವಷ್ಟು ಹತ್ತಿರ. ನನಗೆ ಚಿಕ್ಕಂದಿನ ಮದುವೆ ಮನೆಗಳು ನೆನಪಾದವು. ಅಲ್ಲಿ ಪೆಟ್ಟಿಗೆ ಇದೆ, ಅದರ ಮುಚ್ಚಳ ತೆರೆದೇ ಇರುತ್ತದೆ. ಮೇಲೆ ಬರೆದದ್ದರ ಅರ್ಥ ಇಷ್ಟು: ಕೈಲಾದಷ್ಟು ಬಿಡು, ಬೇಕಾದಷ್ಟು ತಗೋ.

ಹುಂಡಿಯಿಂದ ತೆಗೆದುಕೊಳ್ಳುವುದು ಅನ್ನುವ ಮಾತನ್ನು ನಾನು ಅದುವರೆಗೆ ಕಳ್ಳತನದ ಸುದ್ದಿಯಲ್ಲಿ ಮಾತ್ರ ಓದಿದ್ದೆ.

ಸಂಜೆ ಅಡುಗೆಗೆ ಎಲ್ಲರನ್ನೂ ಹಚ್ಚಿದರು. ನನಗೆ ಈರುಳ್ಳಿ ಸಿಕ್ಕಿತು. ಲೆಂತೆಹಾಸ್ ಮಾಡುತ್ತಿದ್ದರು, ಅಂದರೆ ಸಿಪ್ಪೆ ಸಹಿತ ಬೇಳೆಯ ಗಟ್ಟಿ ಸಾರು. ಅದಕ್ಕೆ ಹಂದಿಮಾಂಸದ ಚೊರಿಸೊ ಬೀಳುವುದು ರೂಢಿ. ನಾನು ತಿನ್ನಲ್ಲ ಅಂದಾಗ ಅಡುಗೆಯ ಹೊಣೆ ಹೊತ್ತ ಹೆಂಗಸು ಏನೂ ಅನ್ನದೆ ಚಿಕ್ಕ ಪಾತ್ರೆಗೆ ಬೇರೆ ಬೇಳೆ ಹಾಕಿದಳು. ದುಡ್ಡೂ ಕೊಡದವನಿಗೆ ಬೇರೆ ಪಾತ್ರೆ! ನನ್ನ ಬ್ಯಾಗಿನಲ್ಲಿ ವಿ.ವಿ. ಪುರದಿಂದ ತಂದ ಕಾಲು ಕೆಜಿ ಚಟ್ನಿಪುಡಿ ಇತ್ತು. ಅದನ್ನು ತೆಗೆದು ಟೇಬಲ್ಲಿನ ನಡುವೆ ಇಟ್ಟೆ. ಜರ್ಮನಿಯವನೊಬ್ಬ ಬ್ರೆಡ್ಡಿಗೆ ಬೆಣ್ಣೆ ಸವರಿ ಅದನ್ನು ಉದುರಿಸಿಕೊಂಡು ತಿಂದ. ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯಲು ನಾನೇ ಮುಂದೆ ನಿಂತೆ. ದುಡ್ಡಿಲ್ಲದವನ ಚುರುಕು ಅದು.

ರಾತ್ರಿ ಚರ್ಚಿನೊಳಗೆ, ಹಾಡುವವರು ಕೂರುವ ಅಟ್ಟದಲ್ಲಿ ಎಲ್ಲರೂ ಸೇರಿದರು. ಕಡ್ಡಾಯವೇನಲ್ಲ. ಕತ್ತಲೆಯಲ್ಲಿ ಒಂದೇ ಮೋಂಬತ್ತಿ. ಕೈಗೆ ಬಂದವರು ತಮ್ಮ ಭಾಷೆಯಲ್ಲಿ ಏನಾದರೂ ಹೇಳಿ ಮುಂದಿನವರಿಗೆ ಕೊಡಬೇಕು. ಕೊರಿಯನ್, ಇಟಾಲಿಯನ್, ಪೋರ್ಚುಗೀಸ್ ಆದ ಮೇಲೆ ನನ್ನ ಸರದಿ ಬಂತು. ಏನೂ ತೋಚಲಿಲ್ಲ. "ನನ್ನ ಹತ್ರ ದುಡ್ಡಿಲ್ಲ. ಕಾರ್ಡು ಕೆಲಸ ಮಾಡ್ತಿಲ್ಲ. ಆದ್ರೂ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿ ಹಾಕಿದ್ರು" ಅಂತ ಕನ್ನಡದಲ್ಲಿ ಹೇಳಿದೆ. ಎಲ್ಲರೂ ತುಂಬ ಗಂಭೀರವಾಗಿ ತಲೆ ಆಡಿಸಿದರು.

ಬೆಳಗ್ಗೆ ಆರಕ್ಕೆ ಪೆಟ್ಟಿಗೆಯ ಎದುರು ನಿಂತೆ. ಮುಂದಿನ ಊರಿನಲ್ಲೂ ಕಾರ್ಡು ನಡೆಯದಿದ್ದರೆ? ಊಟ ಬೇಕು, ಫೋನ್ ಚಾರ್ಜ್ ಬೇಕು, ಅದಕ್ಕೆ ಕೆಫೆಯಲ್ಲಿ ಏನಾದರೂ ಕೊಳ್ಳಬೇಕು. ಕೈ ಮಾತ್ರ ಮುಂದೆ ಹೋಗುತ್ತಿಲ್ಲ. ಮೊದಲು ನಾಲ್ಕು ಮೂವತ್ತನ್ನು ಹಾಕಿ ಆಮೇಲೆ ಹತ್ತರ ನೋಟು ತೆಗೆಯೋಣ ಅಂದುಕೊಂಡೆ. ಅದು ಚಿಲ್ಲರೆ ಮಾಡಿಸಿದ ಹಾಗಾಯಿತಲ್ಲ! ಹಿಂದೆ ಮುಂದೆ ನೋಡಿ ಹತ್ತು ಯೂರೋ ತೆಗೆದೆ. ನಿನ್ನೆಯ ಅದೇ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ನೋಡಿದಳು. ನೋಡದ ಹಾಗೆ ಒಲೆಯ ಕಡೆ ತಿರುಗಿದಳು.

ಉಳಿದಿದ್ದ ಚಟ್ನಿಪುಡಿಯನ್ನು ಅಡುಗೆಮನೆಯ ಗೂಡಿನಲ್ಲಿ ಬಿಟ್ಟು ಬಂದೆ. ಅದಕ್ಕೂ ಇದಕ್ಕೂ ಲೆಕ್ಕ ಸರಿಹೋಗುವುದಿಲ್ಲ ಅಂತ ನನಗೂ ಗೊತ್ತಿತ್ತು.

ಹದಿನಾರು ಕಿಲೋಮೀಟರ್ ನಡೆದು ಬೆಲೊರಾದೊ ತಲುಪಿದಾಗ ಹನ್ನೊಂದು ಗಂಟೆ. ಬೆಂಗಳೂರಿನಲ್ಲಿ ಎರಡೂವರೆ. ಅಮ್ಮ ಊಟ ಮಾಡಿ ಮಲಗುವ ಹೊತ್ತು. ಈ ಸಲ ಕನ್ನಡಕ ಹಾಕಿಕೊಂಡೇ ಫೋನೆತ್ತಿದಳು. ಆರು ಅಂಕಿಗಳನ್ನು ಮಗ್ಗಿ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದಳು. ಕಾರ್ಡು ಎದ್ದು ಕೂತಿತು, ಸಾಂತೊ ದೊಮಿಂಗೊದ ಕೋಳಿಯ ಹಾಗೆ. "ನಿನ್ನೆ ರಾತ್ರಿ ಏನು ತಿಂದೆ?" ಅಂದಳು. ಬೇಳೆ ಅಂದೆ. "ಯಾರು ಕೊಟ್ಟರು?" ಅಂದಳು. ನಿನ್ನೆಯವರು ಅಂದೆ. ಅವಳಿಗೆ ಅರ್ಥ ಆಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಅಲ್ಲಿಂದ ಐದು ಕಿಲೋಮೀಟರ್ ದೂರದಲ್ಲಿ ತೋಸಾಂತೋಸ್. ಹೆಜ್ಜೆಗೊಂದು ಮನೆಯೂ ಇಲ್ಲದ ಪುಟ್ಟ ಊರು. ಬಂಡೆ ಕೊರೆದು ಮಾಡಿದ ಗುಡಿ ಎದುರಿನ ಗುಡ್ಡದಲ್ಲಿ ಕಾಣುತ್ತದೆ. ಅಲ್ಲಿನ ಛತ್ರವೂ ದೊನಾತಿವೊ, ಅಲ್ಲೂ ನೆಲದ ಮೇಲೆ ಹಾಸು, ಅಲ್ಲೂ ಎಲ್ಲರೂ ಸೇರಿ ಅಡುಗೆ. ನಾನು ಒಳಗೆ ಕಾಲಿಡುತ್ತಲೇ 40 ಯೂರೋ ಹಾಕಿಬಿಟ್ಟೆ. ಇವತ್ತಿನದು, ನಿನ್ನೆಯದು, ತೆಗೆದುಕೊಂಡ ಹತ್ತು, ಲೊಗ್ರೋನ್ಯೊದ ಬಾಕಿ, ಎಲ್ಲ ಸೇರಿಸಿ. ಹಾಕಿದ ಮೇಲೆ ಸಮಾಧಾನ ಆಗಬೇಕಿತ್ತಲ್ಲ, ಆಗಲಿಲ್ಲ. ಯಾರೂ ನೋಡಲಿಲ್ಲ. ಯಾರೂ ಬರೆದುಕೊಳ್ಳಲಿಲ್ಲ.

ನಮಗೆ ಇದು ಅಭ್ಯಾಸ ಇಲ್ಲ ನೋಡಿ. ನೂರು ರೂಪಾಯಿ ಕೊಟ್ಟರೆ ರಸೀದಿಯಲ್ಲಿ ಹೆಸರು, ಗೋತ್ರ, ನಕ್ಷತ್ರ. ಫ್ಯಾನು ಕೊಡಿಸಿದರೆ ಅದರ ಮೂರೂ ರೆಕ್ಕೆಗೆ ತಾತನ ಹೆಸರು. ನಾನು ಇದನ್ನು ಹಂಗಿಸುತ್ತಿಲ್ಲ, ನಮ್ಮ ಮನೆಯವರೇ ಕೊಡಿಸಿದ ಫ್ಯಾನೊಂದು ಈಗಲೂ ಒಂದು ದೇವಸ್ಥಾನದಲ್ಲಿ ತಿರುಗುತ್ತಿದೆ. ನಾನು ಹೋದಾಗಲೆಲ್ಲ ತಲೆಯೆತ್ತಿ ನೋಡುತ್ತೇನೆ. ಆದರೆ ಈ ಪೆಟ್ಟಿಗೆಗೆ ನೆನಪೇ ಇಲ್ಲ. ಗ್ರಾನ್ಯೋನಿನಲ್ಲಿ ತೆಗೆದದ್ದನ್ನು ತೋಸಾಂತೋಸ್‌ನಲ್ಲಿ ಹಾಕಿದರೆ ಯಾರ ಸಾಲ ತೀರಿತು?

ಊಟದ ಮೇಲೆ ಅಟ್ಟದ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಕೂತೆವು. ಹಿಂದೆ ಅಲ್ಲಿ ಉಳಿದ ಯಾತ್ರಿಕರು ಬರೆದಿಟ್ಟ ಕೋರಿಕೆಯ ಚೀಟಿಗಳನ್ನು ಹಂಚಿದರು. ಯಾವ ಭಾಷೆ ಯಾರಿಗೆ ಬರುತ್ತದೋ ಅವರು ಆ ಚೀಟಿ ಓದಬೇಕು. ನನಗೆ ಇಂಗ್ಲಿಷಿನದು ಬಂತು. ಮಗಳು ಮತ್ತೆ ಮಾತಾಡಲಿ ಅಂತ ಒಬ್ಬ ತಂದೆ ಬರೆದಿದ್ದ. ಗುರುತಿಲ್ಲದವನ ಮನೆಯ ಕಷ್ಟವನ್ನು ಗಟ್ಟಿಯಾಗಿ ಓದುವಾಗ ಗಂಟಲು ಸ್ವಲ್ಪ ಹಿಡಿಯುತ್ತದೆ. ಆಮೇಲೆ ನಾವೂ ಬರೆದೆವು. ನಾನು ಕನ್ನಡದಲ್ಲೇ ಬರೆದೆ. ಬರೆದಾದ ಮೇಲೆ ಹೊಳೆಯಿತು, ಕನ್ನಡ ಓದಲು ಬರುವವರು ಆ ಅಟ್ಟಕ್ಕೆ ಬರುವ ತನಕ ಅದನ್ನು ಓದುವವರು ಯಾರು? ಇಂಗ್ಲಿಷಿನಲ್ಲಿ ಮತ್ತೊಂದು ಬರೆಯೋಣ ಅನ್ನಿಸಿತು. ಬರೆಯಲಿಲ್ಲ. ಏನು ಕೇಳಿಕೊಂಡೆ ಅಂತ ಇಲ್ಲೂ ಬರೆಯುವುದಿಲ್ಲ. ನೀವ್ಯಾರಾದರೂ ಹೋದರೆ ಸುಮ್ನೆ ಕೇಳಿ ನೋಡಿ.

ಬುರ್ಗೋಸ್ ದೊಡ್ಡ ಊರು. 1221ರಲ್ಲಿ ಕಟ್ಟಲು ಶುರುಮಾಡಿದ ಚರ್ಚು, ಬಿಸಿನೀರು, ಲಿಫ್ಟು ಇರುವ ದುಡ್ಡಿನ ಅಲ್ಬೆರ್ಗೆ. ಚೆನ್ನಾಗಿ ನಿದ್ದೆ ಮಾಡಿದೆ, ಹೇಳುವಂಥದ್ದೇನೂ ಇಲ್ಲ.

ಆಮೇಲೆ ಮೆಸೆತಾ ಅನ್ನುವ ಎತ್ತರದ ಬಯಲು. ಹಿರಿಯೂರು ಕಡೆಯ ರಸ್ತೆಯಲ್ಲಿ ಮರಗಳನ್ನೆಲ್ಲ ಕಿತ್ತು ಜೋಳದ ಬದಲು ಗೋಧಿ ಬಿತ್ತಿದ ಹಾಗೆ. ಅಲ್ಲಿನ ಒಂದು ಹಳ್ಳಿಯಲ್ಲಿ (ಹೆಸರು ಬೇಡ) ನನಗೆ ಪೆಟ್ಟಿಗೆಯ ಒಳಗಿನ ಲೆಕ್ಕ ಗೊತ್ತಾಯಿತು. ಓಸ್ಪಿತಲೇರೊ ನಿವೃತ್ತ ಮೇಷ್ಟ್ರು, ಸ್ಪೇನಿನ ದಕ್ಷಿಣದ ಕಡೆಯವರು. ಅಂಗಡಿಗೆ ಹೊರಟಿದ್ದರು, ಚೀಲ ಹಿಡಿಯಲು ನಾನೂ ಹೋದೆ. ಹಿಂದಿನ ರಾತ್ರಿ 22 ಜನ ಉಳಿದಿದ್ದರಂತೆ. ಪೆಟ್ಟಿಗೆಯಲ್ಲಿ ಸಿಕ್ಕಿದ್ದು 71 ಯೂರೋ. ಒಂದು ಗುಂಡಿ ಕೂಡ ಇತ್ತು, ಅಂಗಿಯದು. ಅಷ್ಟರಲ್ಲಿ ಕರೆಂಟು, ಗ್ಯಾಸು, ಕಕ್ಕಸಿನ ಕಾಗದ, ಇವತ್ತಿನ ಊಟ, ನಾಳೆಯ ಕಾಫಿ. ಅವರು ಟೊಮೆಟೊ ಬೆಲೆ ನೋಡಿ ಕೆಳಗಿಟ್ಟು, ಡಬ್ಬಿಯ ಟೊಮೆಟೊ ತೆಗೆದುಕೊಂಡರು. ಕಲ್ಲಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ಬಿಟ್ಟರು. ಬೇಸರದ ಮುಖವೇನಲ್ಲ, ಮನೆ ನಡೆಸುವ ಹೆಂಗಸರು ಗಾಂಧಿಬಜಾರಿನಲ್ಲಿ ಹೂವಿನ ರೇಟು ಕೇಳಿ ಮುಂದೆ ಹೋಗುತ್ತಾರಲ್ಲ, ಹಾಗೆ. 22 ಜನ, 71 ಯೂರೋ. ತಲೆಗೆ ಮೂರೂ ಚಿಲ್ಲರೆ. ನನ್ನ ಐದೇ ವಾಸಿ ಅಂತ ಒಂದು ಕ್ಷಣ ಖುಷಿಯಾಗಿದ್ದು ನಿಜ. ಅದಕ್ಕೆ ನಾಚಿಕೆಯಾಗಿದ್ದೂ ನಿಜ. ಕಲ್ಲಂಗಡಿಗೆ ನಾನು ದುಡ್ಡು ಕೊಟ್ಟೆ.

ದೊನಾತಿವೊ ಅಂದರೆ ಪುಕ್ಕಟೆ ಅಂದುಕೊಂಡು, ಅಂಥ ಛತ್ರಗಳನ್ನೇ ಹುಡುಕಿ ಊರಿಂದೂರಿಗೆ ಹೋಗುವವರೂ ಇದ್ದಾರೆ. ಅವರ ಬೂಟು ನನ್ನದಕ್ಕಿಂತ ದುಬಾರಿಯದು. ನಿಜವಾಗಿ ಕೈಯಲ್ಲಿ ಇಲ್ಲದವರಿಗಾಗಿ ಇರುವ ಜಾಗವನ್ನು ಇವರು ತಿಂದುಹಾಕುತ್ತಾರೆ. ಹಾಗಂತ ಬಾಗಿಲಲ್ಲಿ ನಿಂತು ಯಾರ ಹತ್ತಿರ ಎಷ್ಟಿದೆ ಅಂತ ನೋಡಲು ಆಗುತ್ತದಾ? ನೋಡಿದ್ದರೆ ಗ್ರಾನ್ಯೋನಿನಲ್ಲಿ ನನ್ನ ಗತಿ? ನನ್ನ ಬೂಟೂ ಏನು ಕಡಿಮೆಯದಲ್ಲ. ನಾನು ಆಮೇಲೆ ಒಂದು ಲೆಕ್ಕ ಇಟ್ಟುಕೊಂಡೆ. ಅದೇ ಹಾದಿಯ ದುಡ್ಡಿನ ಛತ್ರದಲ್ಲಿ ಹಾಸಿಗೆಗೆ 10ರಿಂದ 15 ಯೂರೋ. ಹೋಟೆಲಿನ ಯಾತ್ರಿಕರ ಊಟ 13, 14. ಹಾಗಾಗಿ ಊಟ, ತಿಂಡಿ ಇದ್ದ ಕಡೆ 25, ಬರೀ ಹಾಸಿಗೆ ಇದ್ದ ಕಡೆ 12. 90ರಿಂದ ಗುಣಿಸುವುದನ್ನು ಬಿಟ್ಟೆ. ಬಿಡಲು ಒಂದು ವಾರ ಬೇಕಾಯಿತು.

ಕಾಸ್ತ್ರೊಹೆರೀಸ್ ದಾಟಿ ಒಂದು ಕಡಿದಾದ ಗುಡ್ಡ ಹತ್ತಿ ಇಳಿದರೆ, ಪಿಸುಯೆರ್ಗಾ ಹೊಳೆಯ ಸೇತುವೆಗೆ ಸ್ವಲ್ಪ ಮೊದಲು ಸಾನ್ ನಿಕೊಲಾಸ್. ಹೊಲದ ನಡುವೆ ಒಂಟಿಯಾಗಿ ನಿಂತ ಹಳೇ ಕಲ್ಲಿನ ಕಟ್ಟಡ. ಹಿಂದೆ ಯಾತ್ರಿಕರ ಆಸ್ಪತ್ರೆಯಾಗಿತ್ತು, ಈಗ ಇಟಲಿಯ ಯಾತ್ರಿಕರ ಸಂಘವೊಂದು ನಡೆಸುತ್ತದೆ. ಹನ್ನೆರಡೇ ಹಾಸಿಗೆ. ಕಟ್ಟಡದೊಳಗೆ ಕರೆಂಟಿಲ್ಲ. ಉದ್ದ ಮೇಜು, ಅದರ ಆ ಕಡೆ ಮಂಚಗಳು, ಈ ಕಡೆ ದೇವರು.

ಊಟಕ್ಕೆ ಮೊದಲು ನಮ್ಮನ್ನು ಅರ್ಧ ಚಂದ್ರಾಕಾರವಾಗಿ ಕೂರಿಸಿದರು. ಓಸ್ಪಿತಲೇರೊಗಳು ಈ ಯಾತ್ರೆಯ ಗುರುತಾದ ಚಿಪ್ಪು ಹೊಲಿದ ಗಿಡ್ಡ ಮೇಲುವಸ್ತ್ರ ಹೊದ್ದು ಬಂದರು. ಒಬ್ಬರ ಕೈಯಲ್ಲಿ ಹೂಜಿ, ಇನ್ನೊಬ್ಬರ ಕೈಯಲ್ಲಿ ಬೋಗುಣಿ. ಒಬ್ಬೊಬ್ಬರ ಹೆಸರು ಹಿಡಿದು, ಒಂದು ಕಾಲಿಗೆ ನೀರು ಹಾಕಿ, ಒರೆಸಿ, ಪಾದಕ್ಕೆ ಮುತ್ತಿಟ್ಟರು. ನನ್ನ ಕಾಲು ಹಿಡಿದವರಿಗೆ 70 ದಾಟಿತ್ತು. ನನ್ನ ಹಿಮ್ಮಡಿಯಲ್ಲಿ ಎರಡು ಬೊಬ್ಬೆ, ಅದರಲ್ಲೊಂದಕ್ಕೆ ದಾರ ಪೋಣಿಸಿದ್ದು ಹಾಗೇ ಇತ್ತು. ವಾಸನೆ ಬೇರೆ. ಪಾದಪೂಜೆ ನಮಗೆ ಗೊತ್ತಿಲ್ಲದ್ದಾ? ಸ್ವಾಮಿಗಳಿಗೆ ಮಾಡುತ್ತೇವೆ, ಮದುವೆಯಲ್ಲಿ ಅಳಿಯನಿಗೆ ಮಾಡುತ್ತೇವೆ. ದೊಡ್ಡವರು ನನ್ನ ಕಾಲು ಮುಟ್ಟುವುದು ಮಾತ್ರ ಸಾಧ್ಯವೇ ಇಲ್ಲ ಅನ್ನುವ ಮನೆಯಲ್ಲಿ ಬೆಳೆದವನು ನಾನು. ಕಾಲು ತಾನಾಗಿ ಹಿಂದಕ್ಕೆ ಎಳೆದುಕೊಂಡಿತು. ಆ ಮುದುಕರು ಪಾದವನ್ನು ಬಿಡದೆ ಹಿಡಿದುಕೊಂಡು ಕಾದರು. ಗದರಲಿಲ್ಲ, ನಗಲಿಲ್ಲ. ಕಾಲು ಸಡಿಲವಾಗುವ ತನಕ ಕಾದು, ಆಮೇಲೆ ನೀರು ಹಾಕಿದರು.

ಗ್ರಾನ್ಯೋನಿನಲ್ಲಿ ಕೈ ಮುಂದೆ ಹೋಗಿರಲಿಲ್ಲ, ಇಲ್ಲಿ ಕಾಲು ನಿಲ್ಲಲಿಲ್ಲ. ಎರಡೂ ಒಂದೇ ರೋಗ.

ಮುಂದಿನ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. ಕಾರ್ರಿಯೋನ್ ಆದ ಮೇಲೆ 17 ಕಿಲೋಮೀಟರ್ ಒಂದೂ ಊರಿಲ್ಲ. ನೀರು ತುಂಬಿಸಿಕೊಳ್ಳದೆ ಹೊರಟ ಇಬ್ಬರಿಗೆ ನನ್ನ ಬಾಟಲಿ ಕೊಟ್ಟೆ, ಆಮೇಲೆ ನನಗೆ ಇನ್ಯಾರೋ ಕೊಟ್ಟರು. ಸಾಆಗುನ್‌ನಲ್ಲಿ ಬಟ್ಟೆ ಒಗೆದೆ. ಅಲ್ಲಿಂದ ಹತ್ತು ಕಿಲೋಮೀಟರ್ ದೂರದ ಬೆರ್ಸಿಯಾನೋಸ್‌ನಲ್ಲಿ ನನ್ನ ಕೊನೆಯ ದೊನಾತಿವೊ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ. ಊಟ ಮುಗಿಸಿ ಎಲ್ಲರೂ ಹೊರಗೆ ಬಂದು ಬಯಲಿನ ಅಂಚಿನಲ್ಲಿ ನಿಂತು ಸೂರ್ಯನನ್ನು ಕಳಿಸಿಕೊಟ್ಟೆವು. ಒಂದೊಂದು ದೇಶದವರು ಒಂದೊಂದು ಹಾಡು ಹೇಳಬೇಕು. ಫ್ರೆಂಚರು ಆರು ಜನ, ಕೊರಿಯದವರು ನಾಲ್ಕು. ಇಂಡಿಯಾಕ್ಕೆ ನಾನೊಬ್ಬನೇ. ಅಮ್ಮ ಒನಕೆ ಮೇಲೆ ಅಲ್ಲ, ಮಿಕ್ಸಿ ಮುಂದೆ ನಿಂತು ಗುನುಗುವ ಒಂದು ಪದ ಹೇಳಿದೆ. ಎರಡನೇ ಚರಣ ಮರೆತುಹೋಯಿತು. ಮೊದಲನೆಯದನ್ನೇ ಮತ್ತೆ ಹಾಡಿದೆ. ಯಾರಿಗೂ ಗೊತ್ತಾಗಲಿಲ್ಲ.

ಬೆಳಗ್ಗೆ ಪೆಟ್ಟಿಗೆಗೆ ದುಡ್ಡು ಹಾಕುವಾಗ ನನ್ನ ಪಕ್ಕ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತು ದಾಟಿರಲಿಕ್ಕಿಲ್ಲ. ಪರ್ಸಿನೊಳಗೆ ನೋಡುತ್ತಿದ್ದ, ಪೆಟ್ಟಿಗೆಯನ್ನು ನೋಡುತ್ತಿದ್ದ. ನಾನು ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಲು ಆ ಕಡೆ ತಿರುಗಿ ಕೂತೆ.

ಲಿಯೋನ್ ಮುಟ್ಟಿ, ಬಸ್ಸು ಹಿಡಿದು, ಮಡ್ರಿಡ್‌ನಿಂದ ವಿಮಾನ ಹತ್ತಿದೆ. ಸಾಂತಿಯಾಗೊ ನೋಡಲಿಲ್ಲ. ಹನುಮಂತನಗರಕ್ಕೆ ಬಂದು ಬ್ಯಾಗ್ ಇಳಿಸಿದರೆ ಅಮ್ಮ ಅದನ್ನು ಒಳಗೆ ತರಲು ಬಿಡಲಿಲ್ಲ. ತಿಗಣೆ ಇರಬಹುದು ಅಂತ ನಾನೇ ಫೋನಿನಲ್ಲಿ ಹೇಳಿದ್ದೆ. ಟೆರೇಸಿನ ಬಿಸಿಲಿನಲ್ಲಿ ಮೂರು ದಿನ ಒಣಗಿತು. ಮುದ್ರೆ ಒತ್ತಿದ ರಟ್ಟನ್ನು ಬಿಡಿಸಿ ತೋರಿಸಿದೆ. ಒಂದೊಂದನ್ನೂ ಬೆರಳಿಟ್ಟು ನೋಡಿದಳು.

"ಅಂತೂ ದೇವರ ದರ್ಶನ ಆಯ್ತಾ?"

"ಇಲ್ಲಮ್ಮ. ಅಲ್ಲಿ ತನಕ ಹೋಗಲಿಲ್ಲ."

"ಇನ್ನೂ ಎಷ್ಟು ದೂರ ಇತ್ತು?"

"ಮುನ್ನೂರು ಕಿಲೋಮೀಟರ್ ಚಿಲ್ಲರೆ."

"ಅಷ್ಟೇ ತಾನೆ? ಇಲ್ಲಿಂದ ಧರ್ಮಸ್ಥಳದಷ್ಟು." ರಟ್ಟನ್ನು ಮಡಿಚಿ ಕೈಗೆ ಕೊಟ್ಟಳು. "ದಾರಿಯಲ್ಲಿ ಮಜ್ಜಿಗೆ ಕೊಡ್ತಾರಾ?"